ಬಸವನಹುಳು ಮನೆಯೊಳಗೆ ಬಾರದ ಹಾಗೆ

ಬೆಳಿಗ್ಗೆ ಅಡುಗೆಮನೆಯ ನೆಲದ ಮೇಲೆ ಹೊಳೆಯುವ ಲೋಳೆಯ ಗೆರೆ ಕಂಡರೆ ತಕ್ಷಣ ಒರೆಸಿಬಿಡಬೇಡಿ. ಹುಳು ಎಲ್ಲಿಂದ ಬಂತು, ಎಲ್ಲಿ ಹೋಗಿ ಅಡಗಿತು ಎನ್ನುವುದನ್ನು ತೋರಿಸುವುದು ಅದೊಂದೇ. ಟಾರ್ಚನ್ನು ನೆಲಕ್ಕೆ ತಾಗಿಸಿದಂತೆ ಓರೆಯಾಗಿ ಹಿಡಿದರೆ ನಿಂತು ನೋಡಿದಾಗ ಕಾಣದ ಗೆರೆಯೂ ಮಿಂಚುತ್ತದೆ. ಅದರ ಜಾಡು ಹಿಡಿದು ಹೋಗಿ. ಒಂದು ತುದಿ ಬಾಗಿಲಿನ ಕೆಳಗಿನ ಸಂದಿಗೋ, ಸಿಂಕಿನ ಪೈಪು ಗೋಡೆಯೊಳಗೆ ಹೋಗುವ ತೂತಿಗೋ, ಬಚ್ಚಲಿನ ಜಾಲರಿಗೋ ಮುಟ್ಟಿರುತ್ತದೆ. ನಡುವೆ ಗೆರೆ ಅಳಿಸಿಹೋಗಿದ್ದರೆ ರಾತ್ರಿ ಮಲಗುವ ಮುನ್ನ ಅನುಮಾನವಿರುವ ಕಡೆ ಟಾಲ್ಕಂ ಪೌಡರನ್ನು ತೆಳ್ಳಗೆ ಉದುರಿಸಿ. ಹುಳು ಹಾದುಹೋದ ಕಡೆ ಬೆಳಿಗ್ಗೆ ದಾರಿ ಬಿದ್ದಿರುತ್ತದೆ. ಒಂದು ಹುಳು ಬಿಟ್ಟ ಜಾಡಿನ ಮೇಲೆಯೇ ಇನ್ನೊಂದು ಬರುವುದುಂಟು. ಹಾಗಾಗಿ ದಾರಿ ಪತ್ತೆಯಾದ ಮೇಲೆ ಮಾತ್ರ ಗೆರೆಯನ್ನು ಪೂರ್ತಿ ತೆಗೆಯಬೇಕು.

ಮನೆಯೊಳಗೆ ಹೆಚ್ಚಾಗಿ ಬರುವುದು ಚಿಪ್ಪಿಲ್ಲದ ಸಿಂಬಳದ ಹುಳು. ಮೈಯಲ್ಲಿ ಎಲುಬಿಲ್ಲ, ಹೊರಗೆ ಚಿಪ್ಪೂ ಇಲ್ಲ. ಇಡೀ ದೇಹವನ್ನು ಚಪ್ಪಟೆ ಮಾಡಿಕೊಂಡು ಕೆಲವೇ ಮಿಲಿಮೀಟರ್ ಸಂದಿಯಲ್ಲಿ ನುಸುಳುತ್ತದೆ. ಬಸವನಹುಳುವಿಗೆ ಚಿಪ್ಪು ತೂರುವಷ್ಟು ಜಾಗ ಬೇಕು, ಆದರೆ ಮರಿಗಳಿಗೆ ಆ ತೊಂದರೆಯೂ ಇಲ್ಲ. ಹಾಗಾಗಿ ಕಣ್ಣಿಗೆ ದೊಡ್ಡದಾಗಿ ಕಾಣುವ ತೂತು ಮುಚ್ಚಿದರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ.

ಬಾಗಿಲನ್ನು ಹಾಕಿ, ಒಳಗೆ ಕತ್ತಲು ಮಾಡಿ, ಹೊರಗಿನಿಂದ ಯಾರಾದರೂ ಕೆಳಸಂದಿಗೆ ಟಾರ್ಚ್ ಬಿಡಲಿ. ಬೆಳಕು ತೂರಿದ ಕಡೆಯೆಲ್ಲ ಹುಳುವೂ ತೂರಬಹುದು. ಬಾಗಿಲಿನ ಕೆಳಗೆ ರಬ್ಬರ್ ಪಟ್ಟಿ ಹಾಕಿಸುವಾಗ ಅದು ನೆಲಕ್ಕೆ ಸವರಿಕೊಂಡೇ ಇರಬೇಕು. ಪಟ್ಟಿಯ ಎರಡು ಮೂಲೆಗಳಲ್ಲಿ ಬೆರಳು ತೂರುವಷ್ಟು ಜಾಗ ಬಿಟ್ಟುಬಿಡುವುದು ಸಾಮಾನ್ಯ ತಪ್ಪು, ಹುಳು ಬರುವುದೂ ಅಲ್ಲಿಂದಲೇ. ಪೈಪಿನ ಸುತ್ತಲಿನ ಸಣ್ಣ ಸಂದಿಗೆ ಸಿಲಿಕಾನ್ ಸೀಲೆಂಟ್ ಸಾಕು. ದೊಡ್ಡ ತೂತಾದರೆ ಮೊದಲು ಸ್ಟೀಲ್ ಜಾಲರಿ ಒತ್ತಿ ತುಂಬಿ, ಮೇಲೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು ಕಲಸಿ ಮೆತ್ತಿ. ಸಿಲಿಕಾನ್ ಹಾಕುವ ಮುನ್ನ ಜಾಗ ಒಣಗಿರಲೇಬೇಕು. ಒದ್ದೆಯ ಮೇಲೆ ಹಾಕಿದ್ದು ಸ್ವಲ್ಪ ದಿನದಲ್ಲೇ ಸುಲಿದು ಬರುತ್ತದೆ.

ಬಚ್ಚಲಿನ ಜಾಲರಿಯ ಕೆಳಗೆ ಸೊಳ್ಳೆಪರದೆಯಷ್ಟು ಸಣ್ಣ ಕಣ್ಣಿನ ಸ್ಟೀಲ್ ಬಲೆ ಇಡಿ. ಪೈಪಿನ ಒಳಗೋಡೆಗೆ ಅಂಟಿದ ಜಿಡ್ಡು ಮತ್ತು ಪಾಚಿಯೂ ಈ ಹುಳುಗಳಿಗೆ ಆಹಾರ. ವಾರಕ್ಕೊಮ್ಮೆ ಉದ್ದ ಬ್ರಷ್ಷಿನಿಂದ ಅದನ್ನು ಉಜ್ಜಿ ತೆಗೆಯಿರಿ. ಕುದಿಯುವ ನೀರು ಸುರಿಯುವ ಅಭ್ಯಾಸ ಬೇಡ, ಪಿವಿಸಿ ಪೈಪು ಮೆತ್ತಗಾಗಿ ಜಾಯಿಂಟ್ ಬಿಡುತ್ತದೆ.

ಇಷ್ಟೆಲ್ಲ ಮುಚ್ಚಿದರೂ ಗೋಡೆಯ ಹೊರಗೆ ಒದ್ದೆಯಿದ್ದರೆ ಹುಳು ಅಲ್ಲೇ ಸಂಸಾರ ಹೂಡಿರುತ್ತದೆ. ನಿಜವಾದ ಕೆಲಸ ಇರುವುದು ಅಲ್ಲಿ. ಗೋಡೆಗೆ ತಾಗಿದಂತೆ ಕನಿಷ್ಠ ಎರಡು ಅಡಿ ಅಗಲದ ಪಟ್ಟಿಯನ್ನು ಬರಿದು ಮಾಡಿ: ಕುಂಡ, ಇಟ್ಟಿಗೆ, ಹಲಗೆ, ಉದುರಿದ ಎಲೆ ಯಾವುದೂ ಬೇಡ. ಕಿಟಕಿಗೆ ಹಬ್ಬಿದ ಬಳ್ಳಿಯನ್ನು ಕತ್ತರಿಸಿ. ಕುಂಡಗಳನ್ನು ಸ್ಟ್ಯಾಂಡಿನ ಮೇಲಿಟ್ಟು ಆಗಾಗ ತಳ ಎತ್ತಿ ನೋಡಿ. ಮುತ್ತಿನಂತೆ ಬೆಳ್ಳಗೆ, ಗುಂಪಾಗಿ ಅಂಟಿಕೊಂಡಿರುವುದು ಮೊಟ್ಟೆಗಳು, ಕಂಡಲ್ಲೇ ಜಜ್ಜಿಹಾಕಿ. ಗಿಡಕ್ಕೆ ನೀರನ್ನು ಸಂಜೆಯ ಬದಲು ಬೆಳಿಗ್ಗೆ ಹಾಕಿ. ಇದೊಂದು ಬದಲಾವಣೆಯಿಂದಲೇ ಹುಳು ಓಡಾಡುವ ಹೊತ್ತಿಗೆ ಮಣ್ಣಿನ ಮೇಲ್ಪದರ ಒಣಗಿರುತ್ತದೆ. ಸೋರುವ ಹೊರನಲ್ಲಿಯ ವಾಷರ್ ಬದಲಿಸದೆ ಬೇರೇನು ಮಾಡಿದರೂ ವ್ಯರ್ಥ.

ಈಗಾಗಲೇ ಇರುವುದನ್ನು ಹಿಡಿಯಲು ಸಂಜೆ ಒಂದು ಗೋಣಿಚೀಲವನ್ನು ನೆನೆಸಿ, ಹಿಂಡಿ, ಅಂಗಳದಲ್ಲಿ ಹಾಸಿ, ಕೆಳಗೆ ನಾಲ್ಕಾರು ಕೋಸಿನ ಎಲೆ ಇಡಿ. ಬೆಳಿಗ್ಗೆ ಬಿಸಿಲೇರುವ ಮುನ್ನ ಎತ್ತಿದರೆ ಹುಳುಗಳೆಲ್ಲ ಅಡಿಯಲ್ಲಿ ಸಿಗುತ್ತವೆ. ಕೈಗವಸು ಹಾಕಿಕೊಂಡು ಅಥವಾ ಇಕ್ಕಳದಿಂದ ಹೆಕ್ಕಿ, ಒಂದು ಲೀಟರ್ ನೀರಿಗೆ ಇನ್ನೂರು ಗ್ರಾಂ ಉಪ್ಪು ಕರಗಿಸಿದ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿ. ಆ ನೀರನ್ನು ಗಿಡದ ಬುಡಕ್ಕೆ ಮಾತ್ರ ಚೆಲ್ಲಬೇಡಿ. ನೆಲದ ಮೇಲಿನ ಹುಳುವಿಗೆ ನೇರವಾಗಿ ಉಪ್ಪು ಸುರಿಯುವುದೂ ಸರಿಯಲ್ಲ. ಹುಳು ಮೈಯ ನೀರನ್ನೆಲ್ಲ ಲೋಳೆಯಾಗಿ ಬಿಟ್ಟು ಸಾಯುತ್ತದೆ, ಉಪ್ಪು ಬೆರೆತ ಆ ಲೋಳೆಯನ್ನು ತೆಗೆಯುವುದೇ ದೊಡ್ಡ ಕೆಲಸವಾಗುತ್ತದೆ. ಮೊಟ್ಟೆಚಿಪ್ಪಿನ ಪುಡಿ, ಕಾಫಿ ಚರಟ ನಂಬುವಂಥವಲ್ಲ, ಒದ್ದೆಯಾದೊಡನೆ ಹುಳು ಅದರ ಮೇಲೆಯೇ ಹರಿದುಹೋಗುತ್ತದೆ.

ಅಂಗಡಿಯ ವಿಷದ ಗುಳಿಗೆ ಕೊಳ್ಳುವ ಮುನ್ನ ಪೊಟ್ಟಣ ಓದಿ. ಮೆಟಾಲ್ಡಿಹೈಡ್ ಎಂದಿದ್ದರೆ ಮಕ್ಕಳು, ನಾಯಿ, ಬೆಕ್ಕು ಇರುವ ಮನೆಗೆ ಬೇಡವೇ ಬೇಡ. ನಾಯಿ ತಿಂದರೆ ಫಿಟ್ಸ್ ಬಂದು ಸಾಯಬಹುದು. ಫೆರಿಕ್ ಫಾಸ್ಫೇಟ್ ಇರುವುದು ಅದಕ್ಕಿಂತ ಎಷ್ಟೋ ಮೇಲು, ಅದನ್ನೂ ಹೊರಗೆ ಮಾತ್ರ, ಪೊಟ್ಟಣದ ಅಳತೆಯಲ್ಲಿ ಚದುರಿಸಿ. ತಿಂದ ಹುಳು ಮೇಯುವುದನ್ನು ನಿಲ್ಲಿಸಿ ಎಲ್ಲೋ ಅವಿತು ಸಾಯುತ್ತದೆ. ಸತ್ತದ್ದು ಕಣ್ಣಿಗೆ ಬೀಳಲಿಲ್ಲವೆಂದು ಮತ್ತೆ ಮತ್ತೆ ಸುರಿಯಬೇಡಿ.

ಲೋಳೆಯ ಮೇಲೆ ನೀರು ಬಿದ್ದಷ್ಟೂ ಅದು ಉಬ್ಬಿ ಹರಡುತ್ತದೆ. ಆದ್ದರಿಂದ ಮೊದಲು ಒಣ ಕಾಗದದಿಂದ ಒತ್ತಿ ತೆಗೆದು, ನಂತರ ವಿನೆಗರ್ ಮತ್ತು ಬೆಚ್ಚಗಿನ ನೀರನ್ನು ಸಮ ಬೆರೆಸಿ ಒರೆಸಿ. ಅಮೃತಶಿಲೆಯ ನೆಲವಾದರೆ ವಿನೆಗರ್ ಕಲೆ ಮಾಡುತ್ತದೆ, ಸೋಪಿನ ನೀರೇ ಸಾಕು. ಕೈಗೆ ಅಂಟಿದರೂ ಅಷ್ಟೆ: ಒಣ ಬಟ್ಟೆಯಿಂದ ಉಜ್ಜಿ, ಅದು ಉಂಡೆಯಾಗಿ ಉದುರಿದ ಮೇಲೆ ಸೋಪು ಹಾಕಿ ತೊಳೆಯಿರಿ. ಈ ಹುಳುಗಳಲ್ಲಿ ಮೆದುಳಿನ ಪೊರೆಗೆ ಉರಿಯೂತ ತರುವ, ಇಲಿಯಿಂದ ಬಂದ ಪರೋಪಜೀವಿ ಇರಬಹುದು. ಬರಿಗೈಯಲ್ಲಿ ಮುಟ್ಟಬಾರದೆನ್ನುವುದು ಅದಕ್ಕೇ. ಸೊಪ್ಪನ್ನು ಎಲೆ ಎಲೆಯಾಗಿ ಬಿಡಿಸಿ ಹರಿಯುವ ನೀರಿನಲ್ಲಿ ತೊಳೆಯಿರಿ. ಹುಳುವಿನ ಕಾಟವಿರುವ ತೋಟದ್ದಾದರೆ ಹಸಿಯಾಗಿ ತಿನ್ನದೆ ಬೇಯಿಸಿ.

ಮಣ್ಣಿನಲ್ಲಿ ಉಳಿದ ಮೊಟ್ಟೆಗಳು ಒಡೆಯಲು ಕೆಲವು ವಾರ ಬೇಕು. ಹುಳು ಕಾಣುವುದು ನಿಂತಿತೆಂದು ಗೋಣಿಚೀಲವನ್ನು ಎತ್ತಿಡದೆ, ಇನ್ನೂ ಒಂದು ತಿಂಗಳು ಹಾಸುತ್ತಿರಿ.