ಬೈಲೈನ್ ಇಲ್ಲದಿದ್ದರೂ ಪತ್ರಿಕೆಯಲ್ಲಿ ಇಂಟರ್ನ್‌ಶಿಪ್ ಪಡೆಯುವುದು ಹೇಗೆ?

"ನನ್ನ ಹೆಸರಲ್ಲಿ ಏನೂ ಪ್ರಿಂಟ್ ಆಗಿಲ್ಲ, ಅಂದರೆ ಒಂದೂ ಬೈಲೈನ್ ಇಲ್ಲ, ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕಬಹುದಾ?" ಪತ್ರಿಕೋದ್ಯಮ ಓದುವ ಮಕ್ಕಳು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಇದು. ಧೈರ್ಯವಾಗಿ ಹಾಕಿ. ಹೊರಗೆ ಕಳಿಸಿದರೆ ಈ ಹುಡುಗಿ ಸುದ್ದಿ ತರುತ್ತಾಳಾ, ಬರೆದದ್ದನ್ನು ನಾವು ಪೂರ್ತಿ ತಿದ್ದಬೇಕಾಗುತ್ತಾ ಅನ್ನೋದೇ ಡೆಸ್ಕಿನವರ, ಅಂದರೆ ಪತ್ರಿಕೆಯಲ್ಲಿ ಸುದ್ದಿ ತಿದ್ದುವವರ ಚಿಂತೆ. ಅದಕ್ಕೆ ಉತ್ತರವಾಗಿ ಎರಡು ವರದಿ ನೀವೇ ಮಾಡಿಟ್ಟುಕೊಳ್ಳಿ.

ನಿಮ್ಮೂರಿಂದಲೇ ಶುರು ಮಾಡಿ. ಗ್ರಾಮಸಭೆ ಯಾವಾಗ ಅಂತ ಪಂಚಾಯಿತಿಯಲ್ಲಿ ಕೇಳಿ, ಹೋಗಿ ಕೂತುಕೊಳ್ಳಿ. ನೀವು ಆ ಊರಿನ ಮತದಾರರಾಗಿದ್ದರೆ ಅದು ನಿಮ್ಮದೇ ಸಭೆ, ಪ್ರೆಸ್ ಕಾರ್ಡ್ ಬೇಡ. ಸಭೆ ಮುಗಿದು ಎಲ್ಲರೂ ಎದ್ದು ಹೋಗ್ತಾರಲ್ಲ, ನಿಮ್ಮ ಕೆಲಸ ಅಲ್ಲಿಂದ. ನೀರು ಬರುತ್ತಿಲ್ಲ ಅಂತ ಜಗಳ ಆಡಿದ ಅಜ್ಜಿಯ ಮನೆಗೆ ಹೋಗಿ ನಲ್ಲಿ ತಿರುಗಿಸಿ ನೋಡಿ, ವಾಟರ್‌ಮ್ಯಾನ್ ಹತ್ತಿರ ಮೋಟಾರ್ ಯಾವತ್ತು ಸುಟ್ಟಿತು ಅಂತ ಕೇಳಿ, ಆಮೇಲೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಏನಂತಾರೆ ಅದನ್ನೂ ಬರೆದುಕೊಳ್ಳಿ. ಬರೆಯುವಾಗ "ಅಧ್ಯಕ್ಷರ ಅಧ್ಯಕ್ಷತೆಯಲ್ಲಿ ಗ್ರಾಮಸಭೆ ನಡೆಯಿತು" ಅಂತ ಆರಂಭಿಸಬೇಡಿ, ದಯವಿಟ್ಟು. ಎಷ್ಟು ಮನೆಗೆ, ಎಷ್ಟು ದಿನದಿಂದ ನೀರಿಲ್ಲ ಅನ್ನೋದು ಮೊದಲ ಸಾಲಿಗೆ ಬರಲಿ. ಅಧ್ಯಕ್ಷರು ಮೂರನೇ ಪ್ಯಾರಾದಲ್ಲಿ ಬಂದರೂ ನಡೆಯುತ್ತೆ. 250 ಪದ ಸಾಕು.

ಎರಡನೇ ವರದಿಗೆ ದಾಖಲೆ ಬೇಕು. ಅದೇ ಮೋಟಾರ್ ರಿಪೇರಿಗೆ ಹೋದ ವರ್ಷ ಎಷ್ಟು ಬಿಲ್ ಆಗಿದೆ ಅಂತ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಒಂದು ಅರ್ಜಿಯಲ್ಲಿ ಒಂದೇ ವಿಷಯ. 2005ರ ಕಾಯ್ದೆ ಪ್ರಕಾರ 30 ದಿನದೊಳಗೆ ಉತ್ತರ ಕೊಡಬೇಕು. ಅಷ್ಟು ದಿನ ಹಿಡಿಯುತ್ತೆ, ಆದ್ದರಿಂದ ಮೊದಲ ವರದಿ ಬರೆಯಲು ಕೂರುವ ಮುಂಚೆಯೇ ಇದನ್ನು ಹಾಕಿಬಿಡಿ.

ಕಾಯುವಾಗ 'ಪ್ರಜಾವಾಣಿ'ಯ ವಾಚಕರ ವಾಣಿಯಂಥ ಅಂಕಣಕ್ಕೆ ಚಿಕ್ಕ ಪತ್ರ ಬರೆಯಿರಿ. ಅಚ್ಚಾದರೆ ಅದೂ ಕ್ಲಿಪಿಂಗೇ, ಕತ್ತರಿಸಿಟ್ಟು ತೋರಿಸಬಹುದು.

ಈಗ ಇ–ಮೇಲ್. ಬೆಂಗಳೂರು ಕಚೇರಿಗಿಂತ ಮೊದಲು ನಿಮ್ಮ ಜಿಲ್ಲಾ ಬ್ಯೂರೊಗೆ ಬರೆಯಿರಿ ಅನ್ನೋದು ನನ್ನ ಸಲಹೆ. ಅಲ್ಲಿ ಜನ ಕಡಿಮೆ, ಹೊಸಬರನ್ನೂ ವರದಿಗೆ ಕಳಿಸುವ ಸಾಧ್ಯತೆ ಜಾಸ್ತಿ. ಬಾಲ್ಯದಿಂದಲೂ ಪತ್ರಕರ್ತೆ ಆಗುವ ಕನಸಿತ್ತು ಅನ್ನೋದೆಲ್ಲ ಬೇಡ. ಯಾವ ತಿಂಗಳು ಬರಬಲ್ಲಿರಿ, ಏನು ವರದಿ ಮಾಡಿದ್ದೀರಿ, ಮುಂದೆ ಯಾವ ಎರಡು ಸುದ್ದಿ ಮಾಡುವ ಆಸೆ ಇದೆ, ಇಷ್ಟು ಆರೇಳು ಸಾಲಲ್ಲಿ ಹೇಳಿ. ವರದಿಗಳನ್ನು ಯುನಿಕೋಡ್‌ನಲ್ಲೇ ಕಳಿಸಿ. ಹಳೇ ನುಡಿ ಫಾಂಟಿನ ಫೈಲು ಅವರ ಮೊಬೈಲಲ್ಲಿ ತೆರೆದರೆ ಬರೀ ಗೊಜಲು ಕಾಣುತ್ತೆ, ಯಾರೂ ಓದಲ್ಲ.

ಒಂದು ವಾರ ಉತ್ತರ ಬಾರದಿದ್ದರೆ ಫೋನ್ ಮಾಡಿ. ಸಂಜೆ ಬೇಡ, ಆಗ ಪುಟ ಕಟ್ಟುವ ಗಡಿಬಿಡಿ. ಬೆಳಿಗ್ಗೆ ಹನ್ನೊಂದರ ನಂತರ ಮಾಡಿ. ಕರೆದರೆ ಇಂಗ್ಲಿಷ್ ಏಜೆನ್ಸಿ ಸುದ್ದಿ ಕೊಟ್ಟು ಕನ್ನಡಕ್ಕೆ ತನ್ನಿ ಅನ್ನಬಹುದು, ಅದಕ್ಕೆ ದಿನಕ್ಕೊಂದು ಸುದ್ದಿ ಅನುವಾದಿಸಿ ಅಭ್ಯಾಸ ಮಾಡಿಕೊಂಡಿರಿ. ಸ್ಟೈಪೆಂಡ್ ಇದೆಯಾ, ಓಡಾಟದ ಖರ್ಚು ಕೊಡ್ತೀರಾ ಅಂತ ಆವತ್ತೇ ಕೇಳಿ, ಸಂಕೋಚ ಬೇಡ.