ಎರಡು ಮೆಟ್ಟಿಲು ಮೇಲಿನ ಕುರ್ಚಿ ನೋಡಿ ಸರ್ಟಿಫಿಕೇಟ್ ಆರಿಸಿದೆ

ಖರೀದಿ, ಪೂರೈಕೆ ನಿರ್ವಹಣೆಯ ವೃತ್ತಿ ಸರ್ಟಿಫಿಕೇಟ್ ಆದ ಸಿಪಿಎಸ್‌ಎಂ ಮುಗಿಸಿ ಕೆಟಗರಿ ಮ್ಯಾನೇಜರ್ (ಒಂದು ಬಗೆಯ ಸರಕಿನ ಇಡೀ ಖರೀದಿಯ ಹೊಣೆ) ಹುದ್ದೆಗೆ ಬಂದು ಎಂಟು ತಿಂಗಳಾಯಿತು. ಅದನ್ನು ಆರಿಸಿಕೊಂಡಾಗ ನಮ್ಮ ಖರೀದಿ ವಿಭಾಗದಲ್ಲಿ ಒಬ್ಬರೂ ಒಪ್ಪಿರಲಿಲ್ಲ. ‘ಎಲ್ಲರೂ ಸಿಎಸ್‌ಸಿಪಿ ಮಾಡುತ್ತಿದ್ದಾರೆ, ನಿಮಗೇಕೆ ಬೇರೆ ದಾರಿ?’ ಎಂದು ಮೇಲಧಿಕಾರಿಯೇ ಕೇಳಿದ್ದರು. ಸಿಎಸ್‌ಸಿಪಿ ಎಂದರೆ ಪೂರೈಕೆ ಸರಪಳಿಯ ಸರ್ಟಿಫಿಕೇಟ್.

ಹಾಗೆ ನೋಡಿದರೆ ನಾನು ಮೊದಲು ಹಣ ಕಟ್ಟಿದ್ದೂ ಸಿಎಸ್‌ಸಿಪಿಗೇ. ಓದುವ ಸಾಮಗ್ರಿ, ಪರೀಕ್ಷಾ ಶುಲ್ಕ, ಎರಡನೇ ಯತ್ನದ ಶುಲ್ಕ ಎಲ್ಲ ಸೇರಿ ಆಗಿನ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚೇ ಹೋಯಿತು. 150 ಪ್ರಶ್ನೆ, ಮೂರೂವರೆ ಗಂಟೆ, 300 ಅಂಕ ಬಂದರೆ ಪಾಸು. ಮೊದಲ ಸಲ 280ರ ಆಸುಪಾಸು ಬಂತು. ಎರಡನೇ ಸಲ 290 ದಾಟಿತು, 300 ಮುಟ್ಟಲಿಲ್ಲ. ಓದಿದ್ದು ಸಾಲದು ಎಂದುಕೊಂಡು ಮೂರನೆಯ ಬಾರಿಯೂ ಕಟ್ಟುವವನಿದ್ದೆ. ಕಟ್ಟುವ ಮುನ್ನ ಒಂದು ಭಾನುವಾರ ಹಿಂದಿನ ವರ್ಷದ ಪರ್ಚೇಸ್ ಆರ್ಡರ್‌ಗಳನ್ನೂ ಇಮೇಲ್‌ಗಳನ್ನೂ ತೆಗೆದು, ನನ್ನ ಹೊತ್ತು ಯಾವ ಕೆಲಸಕ್ಕೆ ಎಷ್ಟು ಹೋಗಿದೆ ಎಂದು ಲೆಕ್ಕ ಹಾಕಿದೆ.

ಹತ್ತರಲ್ಲಿ ಏಳು ಪಾಲು ಕೊಟೇಶನ್ ಹೋಲಿಕೆ, ದರ ಚೌಕಾಸಿ, ಕರಾರಿನ ಷರತ್ತು ಮತ್ತು ತಡ ಮಾಡುವ ವೆಂಡರ್‌ಗಳ ಬೆನ್ನು ಹತ್ತುವುದರಲ್ಲೇ ಕಳೆದಿತ್ತು. ಬೇಡಿಕೆಯ ಮುನ್ಸೂಚನೆ, ವಿತರಣಾ ಜಾಲ ಇವನ್ನು ನಾನು ಮುಟ್ಟಿಯೇ ಇರಲಿಲ್ಲ. ಸಿಎಸ್‌ಸಿಪಿ ಇಡೀ ಸರಪಳಿಯನ್ನು ನೋಡುವ ಪರೀಕ್ಷೆ. ಓದಿದ್ದನ್ನು ಮರುದಿನ ಬಳಸುವ ಅವಕಾಶ ನನ್ನ ಮೇಜಿನ ಮೇಲೆ ಇರಲಿಲ್ಲ, ಹಾಗಾಗಿ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಉತ್ಪಾದನಾ ಯೋಜನೆ, ದಾಸ್ತಾನು ನೋಡುವವರು ಸಿಪಿಐಎಂ ಸರ್ಟಿಫಿಕೇಟ್ ಕಡೆಗೂ ಸಾಗಣೆ, ಗೋದಾಮು ನೋಡುವವರು ಸಿಎಲ್‌ಟಿಡಿ ಕಡೆಗೂ ಹೋಗಲಿ. ಇದರಲ್ಲಿ ನನಗೆ ಅನುಮಾನವಿಲ್ಲ.

ಆಮೇಲೆ ನನ್ನ ಹುದ್ದೆಗಿಂತ ಎರಡು ಮೆಟ್ಟಿಲು ಮೇಲಿನ ಕುರ್ಚಿಯ ಉದ್ಯೋಗ ಜಾಹೀರಾತುಗಳನ್ನು ಕೂಡಿಹಾಕಿದೆ, ಸುಮಾರು 60. ಇಲ್ಲಿ ಎಲ್ಲರೂ ಎಡವುತ್ತಾರೆ. ಸರ್ಟಿಫಿಕೇಟ್‌ಗಳ ಹೆಸರನ್ನು ಎಣಿಸಬೇಡಿ; ಅವುಗಳನ್ನು ಒಂದೇ ಸಾಲಿನಲ್ಲಿ ಒಟ್ಟಿಗೆ ಬರೆದು ಮುಗಿಸಿರುತ್ತಾರೆ. ಕೆಲಸದ ವಿವರದ ಸಾಲುಗಳನ್ನು ಎಣಿಸಿ. ನನ್ನ ಪಟ್ಟಿಯಲ್ಲಿ ಕರಾರು, ವೆಂಡರ್ ನಿರ್ವಹಣೆ, ಒಟ್ಟು ವೆಚ್ಚದ ವಿಶ್ಲೇಷಣೆ ಈ ಮೂರೇ ಅರ್ಧಕ್ಕಿಂತ ಹೆಚ್ಚು ಸಾಲುಗಳನ್ನು ತಿಂದಿದ್ದವು. ಹಾಗಾಗಿ ಖರೀದಿಗೆ ಹೊಂದುವ ಸರ್ಟಿಫಿಕೇಟ್‌ಗಳಾಗಿ ಉಳಿದದ್ದು ಸಿಪ್ಸ್ (ಬ್ರಿಟನ್ನಿನ ಖರೀದಿ ವೃತ್ತಿ ಸಂಸ್ಥೆ) ಮತ್ತು ಸಿಪಿಎಸ್‌ಎಂ. ಸಿಪ್ಸ್‌ನ ಡಿಪ್ಲೊಮಾಗಳು ನಾಲ್ಕು, ಐದು, ಆರನೇ ಹಂತಗಳಾಗಿ ಏರುತ್ತವೆ. ಗಟ್ಟಿ ಓದು, ಆದರೆ ಅಷ್ಟು ವರ್ಷ ಕೊಡಲು ನನ್ನಲ್ಲಿ ಬಿಡುವಿರಲಿಲ್ಲ. ಸಿಪಿಎಸ್‌ಎಂಗೆ ಮೂರು ಪರೀಕ್ಷೆ. ಪದವಿ ಇದ್ದವರಿಗೆ ಮೂರು ವರ್ಷದ ಅನುಭವ ಸಾಕು.

ಈ ಸಲ ಹಣವನ್ನು ಒಂದೊಂದೇ ಪರೀಕ್ಷೆಗೆ ಕಟ್ಟಿದೆ. ಮೊದಲನೆಯದು ನನ್ನ ಜೇಬಿನಿಂದ; ಪಾಸಾದ ಮೇಲೆ ಉಳಿದೆರಡನ್ನು ಕಂಪನಿಯಿಂದ ಪಡೆದೆ. ಅದಕ್ಕಾಗಿ ಹಣಕಾಸು ವಿಭಾಗಕ್ಕೆ ಒಂದೇ ಪುಟದ ಟಿಪ್ಪಣಿ ಬರೆದಿದ್ದೆ. ಅದರ ಒಕ್ಕಣೆ ನನ್ನಲ್ಲೇ ಇರಲಿ. ನನ್ನ ಬಡ್ತಿಯ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ ಎಂದಷ್ಟೇ ಹೇಳುತ್ತೇನೆ.

ಆ ಟಿಪ್ಪಣಿಗೆ ಬಲ ಬಂದದ್ದು ಪಂಪಿನ ಸೀಲ್‌ಗಳಿಂದ. ವಾರಾಂತ್ಯದಲ್ಲಿ ಒಟ್ಟು ವೆಚ್ಚದ ಅಧ್ಯಾಯ ಓದಿ, ಮಂಗಳವಾರ ಎರಡು ಕೊಟೇಶನ್ ಎದುರಿಗಿಟ್ಟುಕೊಂಡು ಎಕ್ಸೆಲ್ ತೆರೆದೆ. ಒಂದು ಸುಮಾರು ಶೇ. 18ರಷ್ಟು ಅಗ್ಗ, ನಾವು ಯಾವಾಗಲೂ ಅದನ್ನೇ ಕೊಳ್ಳುತ್ತಿದ್ದೆವು. ಸ್ಟೋರ್ಸ್‌ನ ವಿತರಣಾ ರಿಜಿಸ್ಟರ್ ನೋಡಿದರೆ ಅದು ಬಾಳುತ್ತಿದ್ದದ್ದು ಐದು ತಿಂಗಳು, ಇನ್ನೊಂದು ಹತ್ತು ಹನ್ನೊಂದು. ಬದಲಿಸುವ ಫಿಟ್ಟರ್‌ನ ಗಂಟೆಗಳು, ಪಂಪು ನಿಂತ ಹೊತ್ತು, ತುರ್ತು ಸಾಗಣೆಯ ಖರ್ಚು ಎಂದು ಒಂದೊಂದೇ ಕಾಲಂ ಸೇರಿಸುತ್ತ ಹೋದಂತೆ ಅಗ್ಗದ್ದೇ ದುಬಾರಿಯಾಯಿತು. ಹೆಚ್ಚು ಬಾಳುವ ಸೀಲ್‌ಗೆ ಎರಡು ವರ್ಷದ ದರ ಕರಾರು ಮಾಡಿಸಿದೆ. ಸೀಲ್‌ಗಳ ವರ್ಷದ ಖರ್ಚು ಇಳಿಯಿತು. ಈಗ ಹೊಸಬರು ಆ ಹಾಳೆಯನ್ನೇ ನಕಲು ಮಾಡಿಕೊಳ್ಳುತ್ತಾರೆ. 400 ಬೇಕಿದ್ದ ಮೊದಲ ಪರೀಕ್ಷೆಯಲ್ಲಿ 450ರ ಮೇಲೆ ಬಂತು.

ನಡುವೆ ಸಿಲಬಸ್ಸಿಗೆ ನೇರ ಸಂಬಂಧವಿಲ್ಲದ ಇನ್ನೊಂದು ಕೆಲಸಕ್ಕೂ ಕೈ ಹಾಕಿದೆ. ವಿದೇಶಿ ವ್ಯಾಪಾರದಲ್ಲಿ ಮಾರುವವರ, ಕೊಳ್ಳುವವರ ಹೊಣೆ ಹಂಚುವ ಇನ್ಕೋಟರ್ಮ್ಸ್ 2020ರ 11 ನಿಯಮಗಳನ್ನು ಮುಂದಿಟ್ಟುಕೊಂಡು ಹಳೆಯ ಆಮದು ಆರ್ಡರ್‌ಗಳನ್ನು ತಾಳೆ ನೋಡಿದೆ. 40ರಲ್ಲಿ ಹತ್ತಿರ ಹತ್ತಿರ 30ರಲ್ಲಿ ಕಂಟೇನರ್ ಸರಕಿಗೂ ಎಫ್‌ಒಬಿ ಎಂದೇ ಬರೆದಿತ್ತು. ಎಫ್‌ಒಬಿಯಲ್ಲಿ ಸರಕು ಹಡಗಿಗೆ ಏರಿದ ಮೇಲೆಯೇ ಹೊಣೆ ಕೈ ಬದಲಾಗುತ್ತದೆ. ಕಂಟೇನರ್ ಮಾತ್ರ ಅದಕ್ಕೂ ಮೊದಲೇ ಟರ್ಮಿನಲ್ ಸೇರಿ ಕೂತಿರುತ್ತದೆ. ಅಲ್ಲಿ ಹಾಳಾದರೆ ಯಾರ ತಲೆಗೆ ಎಂಬ ಜಗಳ ನಮ್ಮಲ್ಲಿ ಎರಡು ಸಲ ಆಗಿತ್ತು. ಆರ್ಡರ್ ನಮೂನೆಯನ್ನು ಎಫ್‌ಸಿಎಗೆ ಬದಲಿಸಿದೆ; ಅದರಲ್ಲಿ ಸರಕನ್ನು ಸಾಗಣೆದಾರರಿಗೆ ಒಪ್ಪಿಸಿದಾಗಲೇ ಹೊಣೆ ಕೈ ಬದಲಾಗುತ್ತದೆ. ಪರೀಕ್ಷೆಗೆ ಅದರಿಂದ ಏನೂ ಸಿಗಲಿಲ್ಲ, ವಾರ್ಷಿಕ ಮೌಲ್ಯಮಾಪನದಲ್ಲಿ ಮಾತ್ರ ಮೇಲಧಿಕಾರಿ ಮೊದಲು ಬರೆದದ್ದು ಅದನ್ನೇ.

ಸಿಪಿಎಸ್‌ಎಂ ನವೀಕರಣಕ್ಕೆ 60 ಗಂಟೆಯ ಕಲಿಕೆ ತೋರಿಸಬೇಕು. ಕೊನೆಯಲ್ಲಿ ಹುಡುಕಾಡುವುದು ಬೇಡವೆಂದು ಈಗಿನಿಂದಲೇ ಬರೆದಿಡುತ್ತಿದ್ದೇನೆ, 22 ಆಗಿದೆ. ಸಿಎಸ್‌ಸಿಪಿಯ ಪುಸ್ತಕಗಳನ್ನು ಯೋಜನಾ ವಿಭಾಗದ ಗೆಳೆಯರಿಗೆ ಕೊಟ್ಟೆ. ಅವರ ದಿನದ ಕೆಲಸವೇ ಅದು. ಮುಂದಿನ ತಿಂಗಳು ಪರೀಕ್ಷೆ ಬರೆಯುತ್ತಿದ್ದಾರೆ.