ಎರಡು ಚಿಪ್‌ನ ಗ್ರಾಫಿಕ್ಸ್ ಕಾರ್ಡೋ, ಒಂದು ಚಿಪ್‌ನದೋ: ಕೊಳ್ಳುವ ಮುನ್ನ ತೂಗಿ ನೋಡುವ ಬಗೆ

ಸೆಕೆಂಡ್ ಹ್ಯಾಂಡ್ ಮಾರಾಟದ ಜಾಹೀರಾತುಗಳಲ್ಲಿ ಎನ್‌ವಿಡಿಯ ಕಂಪನಿಯ ಜಿಫೋರ್ಸ್ ಜಿಟಿಎಕ್ಸ್ 690, ಎಎಂಡಿ ಕಂಪನಿಯ ರೇಡಿಯಾನ್ ಎಚ್‌ಡಿ 7990, ರೇಡಿಯಾನ್ ಆರ್9 295ಎಕ್ಸ್2 ಎಂಬ ಹೆಸರುಗಳು ಇಂದಿಗೂ ಆಗಾಗ ಕಣ್ಣಿಗೆ ಬೀಳುತ್ತವೆ. ಮೂರೂ ಒಂದೇ ಬೋರ್ಡಿನ ಮೇಲೆ ಎರಡು ಗ್ರಾಫಿಕ್ಸ್ ಚಿಪ್‌ಗಳನ್ನು ಕೂರಿಸಿ ತಯಾರಿಸಿದ ಕಾರ್ಡುಗಳು. ಜಿಟಿಎಕ್ಸ್ 690 ಕಾರ್ಡು 2012ರ ಮೇ ತಿಂಗಳಲ್ಲಿ 999 ಡಾಲರ್ ಬೆಲೆಗೆ, 295ಎಕ್ಸ್2 ಕಾರ್ಡು 2014ರ ಏಪ್ರಿಲ್‌ನಲ್ಲಿ 1499 ಡಾಲರ್ ಬೆಲೆಗೆ ಬಿಡುಗಡೆಯಾದಾಗ ಬಹುಪಾಲು ಗೇಮರ್‌ಗಳಿಗೆ ಅವು ಕೈಗೆಟುಕುವಂತಿರಲಿಲ್ಲ; ಈಗ ಅದೇ ಕಾರ್ಡು ಅಗ್ಗಕ್ಕೆ ಸಿಗುತ್ತದೆ ಎಂದಾಗ ಮನಸ್ಸು ಹೊಯ್ದಾಡುವುದು ಸಹಜ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಇಂದು ಆಟಕ್ಕಾಗಿ ಕಾರ್ಡು ಕೊಳ್ಳುವವರು ಒಂದು ಚಿಪ್‌ನ ಕಾರ್ಡನ್ನೇ ಕೊಳ್ಳಬೇಕು. ಯಾವ ಲೆಕ್ಕಗಳನ್ನು ಹಾಕಿ ಈ ತೀರ್ಮಾನಕ್ಕೆ ಬರಬೇಕು ಎಂಬುದು ಗೊತ್ತಿದ್ದರೆ, ಅಪರೂಪಕ್ಕೆ ಅದಕ್ಕೆ ವಿರುದ್ಧವಾಗಿ ಹೋಗಬಹುದಾದ ಸಂದರ್ಭವನ್ನೂ ನೀವೇ ಗುರುತಿಸಬಲ್ಲಿರಿ.

ಮೊದಲು ಮೆಮೊರಿಯ ಲೆಕ್ಕ. ಎರಡು ಚಿಪ್‌ನ ಕಾರ್ಡಿನಲ್ಲಿ ಪ್ರತಿ ಚಿಪ್‌ಗೂ ಅದರದೇ ಆದ ಮೆಮೊರಿ ಇರುತ್ತದೆ. ಒಂದರ ಮೆಮೊರಿಯನ್ನು ಇನ್ನೊಂದು ತನ್ನದೆಂಬಂತೆ ಬಳಸಲಾಗದು. ಆಟದ ಟೆಕ್ಸ್ಚರ್‌ಗಳೆಲ್ಲ (ವಸ್ತುಗಳ ಮೇಲ್ಮೈಯ ಚಿತ್ರಗಳು) ಎರಡೂ ಕಡೆ ಒಂದೊಂದು ಪ್ರತಿಯಾಗಿ ತುಂಬಿಕೊಳ್ಳುತ್ತವೆ. ಆದ್ದರಿಂದ ಪೆಟ್ಟಿಗೆಯ ಮೇಲೆ 4 ಜಿಬಿ ಎಂದು ಬರೆದಿರುವ ಜಿಟಿಎಕ್ಸ್ 690ರಲ್ಲಿ ಆಟಕ್ಕೆ ದಕ್ಕುವುದು 2 ಜಿಬಿ, 6 ಜಿಬಿ ಎನ್ನುವ 7990ರಲ್ಲಿ 3 ಜಿಬಿ, 8 ಜಿಬಿ ಎನ್ನುವ 295ಎಕ್ಸ್2ರಲ್ಲಿ 4 ಜಿಬಿ ಮಾತ್ರ. ಜಾಹೀರಾತಿನ ಅಂಕಿಯನ್ನು ಎರಡರಿಂದ ಭಾಗಿಸಿ, ಬಂದ ಉತ್ತರವನ್ನು ನೀವು ಆಡಬೇಕೆಂದಿರುವ ಆಟ ಕೇಳುವ ಕನಿಷ್ಠ ಮೆಮೊರಿಯ ಪಕ್ಕದಲ್ಲಿಟ್ಟು ನೋಡಿ. ಈಚಿನ ದೊಡ್ಡ ಆಟಗಳ ವಿಷಯದಲ್ಲಿ ಹೋಲಿಕೆ ಬಹುಮಟ್ಟಿಗೆ ಇಲ್ಲಿಗೇ ಮುಗಿದುಹೋಗುತ್ತದೆ.

ಎರಡನೆಯದು, ಆ ಎರಡನೇ ಚಿಪ್ ನಿಮ್ಮ ಆಟದಲ್ಲಿ ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆ. ಈ ಕಾರ್ಡುಗಳು ಸಾಮಾನ್ಯವಾಗಿ ಅನುಸರಿಸುವ ಕ್ರಮದಲ್ಲಿ ಒಂದು ಚಿಪ್ ಒಂದು ಫ್ರೇಮನ್ನು (ಪರದೆಯ ಒಂದು ಚಿತ್ರವನ್ನು) ಬಿಡಿಸಿದರೆ ಇನ್ನೊಂದು ಚಿಪ್ ಅದರ ಮುಂದಿನ ಫ್ರೇಮನ್ನು ಬಿಡಿಸುತ್ತದೆ. ಪ್ರತಿ ಫ್ರೇಮೂ ಸ್ವತಂತ್ರವಾಗಿದ್ದಾಗ ಇದು ಚೆನ್ನಾಗಿ ನಡೆಯುತ್ತದೆ. ಆದರೆ ಅಂಚುಗಳನ್ನು ನಯಗೊಳಿಸಲು ಈಗಿನ ಆಟಗಳು ಬಳಸುವ ಟಿಎಎ ತಂತ್ರಕ್ಕೆ ಹಿಂದಿನ ಫ್ರೇಮಿನ ಮಾಹಿತಿ ಬೇಕು. ಆ ಹಿಂದಿನ ಫ್ರೇಮ್ ಇರುವುದು ಪಕ್ಕದ ಚಿಪ್‌ನ ಮೆಮೊರಿಯಲ್ಲಿ. ಅದನ್ನು ಇತ್ತ ತರಿಸಿಕೊಳ್ಳುವವರೆಗೆ ಈ ಚಿಪ್ ಕಾಯುತ್ತಾ ಕೂರುವುದರಿಂದ, ಜೋಡಿಯಾಗಿ ದುಡಿಯುವುದರ ಲಾಭ ಅಲ್ಲೇ ಕರಗಿಹೋಗುತ್ತದೆ. ಇದಲ್ಲದೆ ಆಟಗಳು ಗ್ರಾಫಿಕ್ಸ್ ಕಾರ್ಡಿನೊಂದಿಗೆ ವ್ಯವಹರಿಸಲು ಬಳಸುವ ಡೈರೆಕ್ಟ್‌ಎಕ್ಸ್ ತಂತ್ರಾಂಶದ 11ನೇ ಆವೃತ್ತಿಯವರೆಗೆ ಎರಡು ಚಿಪ್‌ಗಳಿಗೆ ಕೆಲಸ ಹಂಚುವ ಹೊಣೆ ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರಿನದಾಗಿತ್ತು, ಒಂದೊಂದು ಆಟಕ್ಕೂ ಕಂಪನಿಯವರು ಪ್ರತ್ಯೇಕ ಪ್ರೊಫೈಲ್ (ಕೆಲಸ ಹಂಚುವ ಸೂಚನೆ) ಬರೆಯುತ್ತಿದ್ದರು. ಡೈರೆಕ್ಟ್‌ಎಕ್ಸ್ 12 ಮತ್ತು ಅದರಂಥದೇ ಆದ ವಲ್ಕನ್ ಬಂದ ಮೇಲೆ ಆ ಹೊಣೆ ಆಟ ಬರೆಯುವವರ ಹೆಗಲಿಗೆ ಬಂತು. ಆಶಸ್ ಆಫ್ ದಿ ಸಿಂಗ್ಯುಲಾರಿಟಿಯಂಥ ಕೆಲವೇ ಆಟಗಳು ಅದನ್ನು ಹೊತ್ತವು. ಎನ್‌ವಿಡಿಯ ಕಂಪನಿ 2021ರ ಜನವರಿ 1ರಿಂದ ಚಿಪ್‌ಗಳನ್ನು ಜೋಡಿಯಾಗಿ ದುಡಿಸುವ ತನ್ನ ಎಸ್‌ಎಲ್‌ಐ ವ್ಯವಸ್ಥೆಗೆ ಹೊಸ ಪ್ರೊಫೈಲ್‌ಗಳನ್ನು ಸೇರಿಸುವುದನ್ನೇ ನಿಲ್ಲಿಸಿತು. ಅದೇ ವರ್ಷದ ಜೂನ್‌ನಲ್ಲಿ ಎಎಂಡಿ ತನ್ನ 7990, 295ಎಕ್ಸ್2 ಹಾಗೂ 2016ರ ರೇಡಿಯಾನ್ ಪ್ರೊ ಡ್ಯುಯೊ ಸೇರಿದ ಪೀಳಿಗೆಗಳನ್ನು ಹಳೆಯ ಕಾರ್ಡುಗಳ ಪಟ್ಟಿಗೆ ತಳ್ಳಿತು. 690 ಸೇರಿದ ಕೆಪ್ಲರ್ ಪೀಳಿಗೆಗೆ ಆಟಗಳಿಗೆಂದೇ ಬರುತ್ತಿದ್ದ ಡ್ರೈವರುಗಳು ಕೂಡ 2021ರಲ್ಲೇ ನಿಂತವು. ಪ್ರೊಫೈಲ್ ಇಲ್ಲದ ಆಟದಲ್ಲಿ ಎರಡನೇ ಚಿಪ್ ಸುಮ್ಮನೆ ಕುಳಿತಿರುತ್ತದೆ. ಆಗ ನಿಮ್ಮ ಕೈಯಲ್ಲಿರುವುದು 2012ರ ಅಥವಾ 2014ರ ಒಂದೇ ಚಿಪ್, ಅದೂ ಶಾಖ ಹಿಡಿತದಲ್ಲಿರಲೆಂದು ಕೆಲವೊಮ್ಮೆ ವೇಗ ತಗ್ಗಿಸಿದ ಚಿಪ್. ಒಂಟಿ ಜಿಟಿಎಕ್ಸ್ 680 ಕಾರ್ಡಿನ ಮೂಲ ವೇಗ 1006 ಮೆಗಾಹರ್ಟ್ಸ್ ಇದ್ದರೆ, ಅದೇ ಚಿಪ್‌ಗೆ 690ರಲ್ಲಿ 915 ಮಾತ್ರ ಇತ್ತು.

ಇನ್ನು ಮೂರನೆಯ ಸಂಗತಿ. ಎರಡು ಚಿಪ್‌ನ ಕಾರ್ಡುಗಳ ಬಗ್ಗೆ ಜನ ಅತಿ ಹೆಚ್ಚು ಮೋಸಹೋಗಿದ್ದು ಇಲ್ಲಿಯೇ ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಎಫ್‌ಪಿಎಸ್ ಎಂಬುದು ಒಂದು ಸೆಕೆಂಡಿನಲ್ಲಿ ಬಂದ ಫ್ರೇಮುಗಳ ಎಣಿಕೆ. ಅವು ಸಮನಾದ ಅಂತರದಲ್ಲಿ ಬಂದವೇ ಎಂಬುದನ್ನು ಅದು ಹೇಳುವುದಿಲ್ಲ. ಎರಡು ಚಿಪ್‌ಗಳು ಸರದಿಯ ಮೇಲೆ ಫ್ರೇಮ್ ಕೊಡುವಾಗ ಒಂದು ಫ್ರೇಮ್ 5 ಮಿಲಿಸೆಕೆಂಡಿಗೆ, ಅದರ ಮುಂದಿನದು 28 ಮಿಲಿಸೆಕೆಂಡಿಗೆ, ಮತ್ತೆ 5ಕ್ಕೆ, ಮತ್ತೆ 28ಕ್ಕೆ ಹೀಗೆ ಬರುತ್ತಿವೆ ಎಂದುಕೊಳ್ಳಿ. ಸರಾಸರಿ 16.5 ಮಿಲಿಸೆಕೆಂಡ್, ಅಂದರೆ ಪರದೆಯ ಮೂಲೆಯಲ್ಲಿ 60 ಎಫ್‌ಪಿಎಸ್ ಎಂದು ಕಾಣುತ್ತದೆ. ಆದರೆ 5 ಮಿಲಿಸೆಕೆಂಡಿನ ಫ್ರೇಮ್ ಬಂದದ್ದೇ ತಿಳಿಯದಷ್ಟು ಬೇಗ ಸರಿದುಹೋಗುವುದರಿಂದ ಕಣ್ಣಿಗೆ ಮುಟ್ಟುವುದು 28ರ ಅಂತರವೇ. ಅದು ಸುಮಾರು 36 ಎಫ್‌ಪಿಎಸ್‌ಗೆ ಸಮ. ಮೌಸ್ ತಿರುಗಿಸಿದಾಗ ದೃಶ್ಯ ಕ್ಷಣ ಕ್ಷಣಕ್ಕೂ ಸಣ್ಣದಾಗಿ ತಡವರಿಸಿದಂತೆ ಕಾಣುವ ಈ ತೊಂದರೆಯನ್ನೇ ಮೈಕ್ರೊ ಸ್ಟಟರ್ ಎನ್ನುತ್ತಾರೆ. 2013ರಲ್ಲಿ ಎನ್‌ವಿಡಿಯ ಹೊರತಂದ ಎಫ್‌ಕ್ಯಾಟ್ ಎಂಬ ಸಾಧನ ಪ್ರತಿ ಫ್ರೇಮಿನ ಎಡ ಅಂಚಿಗೆ ಒಂದೊಂದು ಬಣ್ಣದ ಪಟ್ಟಿ ಹಚ್ಚಿ, ಮಾನಿಟರಿಗೆ ಹೋಗುವ ಚಿತ್ರವನ್ನೇ ಬೇರೊಂದು ಯಂತ್ರದಲ್ಲಿ ದಾಖಲಿಸಿಕೊಂಡು, ಪ್ರತಿ ಬಣ್ಣ ಪರದೆಯ ಎಷ್ಟು ಗೆರೆಗಳನ್ನು ತುಂಬಿದೆ ಎಂದು ಎಣಿಸಿತು. ಎಸ್‌ಎಲ್‌ಐನಂಥದೇ ಆದ ಎಎಂಡಿಯ ಕ್ರಾಸ್‌ಫೈರ್ ವ್ಯವಸ್ಥೆಗಳಲ್ಲಿ ಕೆಲವು ಫ್ರೇಮುಗಳು ಬೆರಳೆಣಿಕೆಯ ಗೆರೆಗಳಷ್ಟೇ ಕಂಡು ಮಾಯವಾಗುತ್ತಿದ್ದರೂ ಎಫ್‌ಪಿಎಸ್ ಲೆಕ್ಕದಲ್ಲಿ ಪೂರ್ಣ ಫ್ರೇಮುಗಳಾಗಿ ಸೇರುತ್ತಿದ್ದವು ಎಂಬುದು ಆಗ ಬಯಲಾಯಿತು. ಪ್ರತಿಸ್ಪರ್ಧಿಯ ಸಾಧನ ಎಂಬ ಕಾರಣಕ್ಕೆ ಅದನ್ನು ತಳ್ಳಿಹಾಕುವಂತಿರಲಿಲ್ಲ; ಅದೇ ಆಗಸ್ಟ್‌ನಲ್ಲಿ ಎಎಂಡಿ ಫ್ರೇಮುಗಳ ಅಂತರವನ್ನು ಸರಿದೂಗಿಸುವ ಡ್ರೈವರನ್ನು ಬಿಡುಗಡೆ ಮಾಡಿತು. ಆದ್ದರಿಂದ ಹಳೆಯ ವಿಮರ್ಶೆಗಳನ್ನು ಓದುವಾಗ ಸರಾಸರಿ ಎಫ್‌ಪಿಎಸ್‌ನ ಕಂಬಗಳನ್ನು ನೋಡಿ ನಿರ್ಧರಿಸಬೇಡಿ. ಒಂದೊಂದು ಫ್ರೇಮಿಗೆ ಹಿಡಿದ ಸಮಯವನ್ನು ತೋರಿಸುವ ಫ್ರೇಮ್ ಟೈಮ್ ಗ್ರಾಫ್ ಇದ್ದರೆ ಅದನ್ನು ನೋಡಿ; ಗೆರೆ ತೆಳ್ಳಗೆ ಸಾಗಿದ್ದರೆ ಒಳ್ಳೆಯದು, ದಪ್ಪ ಪಟ್ಟಿಯಂತೆ ಮೇಲೆ ಕೆಳಗೆ ಹೊಡೆದಾಡಿದ್ದರೆ ಅದೇ ಮೈಕ್ರೊ ಸ್ಟಟರ್.

ಈಗಾಗಲೇ ಇಂಥ ಕಾರ್ಡು ನಿಮ್ಮ ಬಳಿ ಇದ್ದರೆ ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಫ್ರೇಮ್ ಟೈಮ್ ದಾಖಲಿಸುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಆಟದ ಒಂದೇ ದೃಶ್ಯವನ್ನು ಎರಡು ಸಲ ಓಡಿಸಿ: ಒಮ್ಮೆ ಎರಡೂ ಚಿಪ್‌ಗಳೊಂದಿಗೆ, ಇನ್ನೊಮ್ಮೆ ಡ್ರೈವರಿನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಎಸ್‌ಎಲ್‌ಐ ಅಥವಾ ಕ್ರಾಸ್‌ಫೈರ್ ಆಯ್ಕೆಯನ್ನು ಆಫ್ ಮಾಡಿ. ಸರಾಸರಿಯ ಬದಲು ಅತಿ ನಿಧಾನವಾಗಿ ಬಂದ ನೂರಕ್ಕೆ ಒಂದರಷ್ಟು ಫ್ರೇಮುಗಳ ಅಂಕಿಯನ್ನು ಹೋಲಿಸಿ. ಅದು ಸುಧಾರಿಸದೆ ಸರಾಸರಿ ಮಾತ್ರ ಏರಿದ್ದರೆ ಎರಡನೇ ಚಿಪ್‌ನಿಂದ ನಿಮಗೆ ಸಿಗುತ್ತಿರುವುದು ಅಂಕಿ ಮಾತ್ರ. ಪರೀಕ್ಷೆ ನಡೆಸುವಾಗ ಆಟ ಪೂರ್ಣ ಪರದೆಯಲ್ಲಿರಲಿ, ಏಕೆಂದರೆ ವಿಂಡೋ ಮೋಡ್‌ನಲ್ಲಿ ಕ್ರಾಸ್‌ಫೈರ್ ಕೆಲಸ ಮಾಡುತ್ತಿರಲಿಲ್ಲ. ಇನ್ನೊಂದು ಮಾತು: ಎರಡು ಚಿಪ್‌ಗಳಿಗೆ ಕೆಲಸ ಒದಗಿಸಲು ಪ್ರೊಸೆಸರ್ ಹೆಚ್ಚು ಫ್ರೇಮುಗಳನ್ನು ಸಿದ್ಧಪಡಿಸಬೇಕಾಗುತ್ತದೆ, ಅದು ಹಳೆಯದಾಗಿದ್ದರೆ ಕಾರ್ಡು ಎಷ್ಟೇ ಬಲಶಾಲಿಯಾಗಿದ್ದರೂ ಪ್ರಯೋಜನವಿಲ್ಲ.

ವಿದ್ಯುತ್ತಿನ ಲೆಕ್ಕ ಚಿಕ್ಕದು, ಆದರೆ ಅಪಾಯ ಇರುವುದು ಇದರಲ್ಲೇ. 295ಎಕ್ಸ್2ಗೆ ಕಂಪನಿಯೇ ಹೇಳಿದ ಅಂಕಿ 500 ವಾಟ್. ಮದರ್‌ಬೋರ್ಡಿನ ಸ್ಲಾಟ್‌ನಿಂದ 75 ವಾಟ್, ಎರಡು 8 ಪಿನ್ ಕನೆಕ್ಟರುಗಳಿಂದ ತಲಾ 150 ವಾಟ್, ಒಟ್ಟು 375 ವಾಟ್ ಎಂಬುದು ಮಾನದಂಡದ ಮಿತಿ. ಈ ಕಾರ್ಡು ಅದನ್ನು ಮೀರುತ್ತದೆ. ಪ್ರತಿ ಕನೆಕ್ಟರಿಗೂ 28 ಆಂಪಿಯರ್ ಒದಗಿಸಬಲ್ಲ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಬೇಕೆಂದು ಎಎಂಡಿ ಕೇಳಿತ್ತು. ಅಂದರೆ ಒಂದೇ ಕೇಬಲ್ ಕವಲೊಡೆದು ಬಂದ ಎರಡು ಕನೆಕ್ಟರುಗಳನ್ನು ಇದಕ್ಕೆ ಚುಚ್ಚಲೇಬಾರದು, ಎಸ್‌ಎಂಪಿಎಸ್‌ನಿಂದಲೇ ಎರಡು ಪ್ರತ್ಯೇಕ ಕೇಬಲ್ ಬರಬೇಕು. ಚಿಪ್‌ಗಳ ಶಾಖ ಹೊರಹಾಕಲು ಜೊತೆಗೆ ಬರುವ 120 ಮಿಲಿಮೀಟರ್ ರೇಡಿಯೇಟರ್ ಕೂರಿಸಲು ಕ್ಯಾಬಿನೆಟ್‌ನಲ್ಲಿ ಜಾಗವೂ ಬೇಕು. ನಮ್ಮ ಮನೆಗಳಲ್ಲಿ ಕಂಪ್ಯೂಟರಿಗೆ ಸಾಮಾನ್ಯವಾಗಿ ಇಡುವ 600 ವಿಎ ಯುಪಿಎಸ್ ಹೊರುವುದು 360 ವಾಟ್ ಆಸುಪಾಸಿನ ಹೊರೆಯನ್ನು. ಆಟದ ನಡುವೆ ಕರೆಂಟ್ ಹೋದರೆ ಕಂಪ್ಯೂಟರ್ ಕೂಡ ಅದರೊಂದಿಗೇ ಆರಿಹೋಗುತ್ತದೆ. ಇದರ ಎದುರಿಗೆ 2021ರಲ್ಲಿ ಬಂದ ಒಂದು ಚಿಪ್‌ನ ರೇಡಿಯಾನ್ ಆರ್‌ಎಕ್ಸ್ 6600 ಕಾರ್ಡನ್ನು ಇಟ್ಟು ನೋಡಿ: 132 ವಾಟ್, ಒಂದೇ 8 ಪಿನ್ ಕನೆಕ್ಟರ್, 8 ಜಿಬಿ ಮೆಮೊರಿ, ಮತ್ತು ಅದಷ್ಟೂ ಆಟಕ್ಕೇ ಸಿಗುವಂಥದ್ದು.

ಹಾಗಾದರೆ ಎರಡು ಚಿಪ್‌ನ ಕಾರ್ಡು ಯಾರಿಗೆ? 2010ರಿಂದ 2015ರ ನಡುವಿನ ಆಟಗಳನ್ನು ಅದೇ ಕಾಲದ ಯಂತ್ರದಲ್ಲಿ ಆಡಬೇಕೆಂಬ ಆಸೆಯಿರುವವರಿಗೆ, ಆ ಆಟಕ್ಕೆ ಒಳ್ಳೆಯ ಪ್ರೊಫೈಲ್ ಇತ್ತೆಂದು ಖಚಿತಪಡಿಸಿಕೊಂಡವರಿಗೆ, ಹಾಗೂ 2000ದ ವೂಡೂ 5 5500ರಿಂದ ಆರಂಭಿಸಿ ಈ ವಂಶದ ಕಾರ್ಡುಗಳನ್ನು ಪ್ರೀತಿಯಿಂದ ಸಂಗ್ರಹಿಸುವವರಿಗೆ. ಅವರನ್ನು ತಡೆಯಲು ನನಗೆ ಕಾರಣವಿಲ್ಲ, 690ರ ಲೋಹದ ಹೊದಿಕೆಯನ್ನು ಹತ್ತಿರದಿಂದ ನೋಡಿದವರಿಗೆ ಆ ಪ್ರೀತಿ ಅರ್ಥವಾಗುತ್ತದೆ. 2022ರ ರೇಡಿಯಾನ್ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್ ಕಾರ್ಡನ್ನು ಮಾತ್ರ ಈ ಗುಂಪಿಗೆ ಸೇರಿಸಬೇಡಿ. ಅದರಲ್ಲಿ ಹಲವು ತುಂಡು ಸಿಲಿಕಾನ್ ಇದ್ದರೂ ಚಿತ್ರ ಬಿಡಿಸುವ ತುಂಡು ಒಂದೇ, ಉಳಿದ ಆರು ಮೆಮೊರಿಯ ಸಂಪರ್ಕಕ್ಕೆ ಮೀಸಲು. ಆಟಕ್ಕೆ ಅದು ಒಂದೇ ಚಿಪ್ ಆಗಿ ಕಾಣುತ್ತದೆ.

ಇಷ್ಟೆಲ್ಲ ತೂಗಿದ ಮೇಲೂ ಕೊಳ್ಳಲೇಬೇಕೆಂದಿದ್ದರೆ, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಾಗಲಿ ಮಾರುವವರ ಮನೆಯಲ್ಲಾಗಲಿ, ಕಾರ್ಡನ್ನು ಕಣ್ಣೆದುರಿಗೇ ಓಡಿಸಿ ತೋರಿಸುವಂತೆ ಕೇಳಿ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಹೆಸರು ಎರಡು ಸಲ ಕಾಣಬೇಕು. ಬಳಿಕ ಎಸ್‌ಎಲ್‌ಐ ಅಥವಾ ಕ್ರಾಸ್‌ಫೈರ್ ಚೆನ್ನಾಗಿ ಬಳಸುವ ಹಳೆಯ ಬೆಂಚ್‌ಮಾರ್ಕ್ (ಕಾರ್ಡಿನ ವೇಗ ಅಳೆಯುವ ತಂತ್ರಾಂಶ) ಒಂದನ್ನು ಅರ್ಧ ಗಂಟೆ ಬಿಡದೆ ಓಡಿಸಿ, ಆಫ್ಟರ್‌ಬರ್ನರ್‌ನಂಥ ಸಾಫ್ಟ್‌ವೇರ್‌ನಲ್ಲಿ ಎರಡೂ ಚಿಪ್‌ಗಳ ಬಳಕೆಯ ಪ್ರಮಾಣ ಮತ್ತು ಉಷ್ಣತೆಯನ್ನು ಬೇರೆ ಬೇರೆಯಾಗಿ ಗಮನಿಸಿ. ಒಂದರ ಬಳಕೆ ಸೊನ್ನೆಯಲ್ಲೇ ನಿಂತಿದ್ದರೆ, ಒಂದು ಇನ್ನೊಂದಕ್ಕಿಂತ ವಿಪರೀತ ಬಿಸಿಯಾಗುತ್ತಿದ್ದರೆ, ಅಥವಾ 295ಎಕ್ಸ್2ರ ರೇಡಿಯೇಟರ್ ತಣ್ಣಗೇ ಉಳಿದು ಚಿಪ್ ಮಾತ್ರ ಕಾಯುತ್ತಿದ್ದರೆ, ಬೆಲೆ ಎಷ್ಟೇ ಇಳಿಸಿದರೂ ಆ ಕಾರ್ಡನ್ನು ಕೊಳ್ಳಬೇಡಿ.